ಹರಕೆ ಹೊರುತ್ತೇವೆ, ಭರವಸೆ ಯಾಕೆ ಹೊರುವುದಿಲ್ಲ?

ಲೈಪ್‌ಜಿಗ್‌ಗೆ ಬಂದು ಒಂಬತ್ತು ವರ್ಷವಾಯ್ತು. ಜರ್ಮನ್ ಕಲಿಯುವಾಗ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೆ. ಹೊಫ್ನುಂಗ್. ಭರವಸೆ ಅಂತ ಬರೆದುಕೊಂಡೆ, ಆದರೆ ಪೂರ್ತಿ ಹೊಂದಲಿಲ್ಲ. ನಮ್ಮಲ್ಲಿ ಭರವಸೆ ಇಡಲೂಬಹುದು, ಕೊಡಲೂಬಹುದು. ಮಗ ಓದಿ ಮುಂದೆ ಬರುತ್ತಾನೆ ಅಂತ ಅಮ್ಮ ಇಟ್ಟುಕೊಳ್ಳುವುದೂ ಭರವಸೆ, ಕೆರೆ ತುಂಬಿಸಿಕೊಡುತ್ತೇನೆ ಅಂತ ಅಭ್ಯರ್ಥಿ ಮೈಕಿನಲ್ಲಿ ಹೇಳುವುದೂ ಭರವಸೆ. ಇಲ್ಲಿ ಎರಡಕ್ಕೂ ಬೇರೆ ಬೇರೆ ಪದ. ನಮ್ಮ ರಾಜಕೀಯದಲ್ಲಿ ಕೊಡುವ ಭರವಸೆಯದ್ದೇ ಸದ್ದು ಜಾಸ್ತಿಯಾಗಿ, ನಾವು ಇಡುವ ಭರವಸೆ ಮೂಲೆ ಸೇರಿದೆ ಅನ್ನಿಸುತ್ತದೆ.

ಮನೆಯಿಂದ ಟ್ರಾಮ್‌ನಲ್ಲಿ ಹದಿನೈದು ನಿಮಿಷಕ್ಕೆ ನಿಕೊಲಾಯ್ ಚರ್ಚ್. ಒಳಗೆ ಬಿಳಿ ಕಂಬಗಳು, ಕಂಬದ ತುದಿಯಲ್ಲಿ ತಿಳಿಹಸಿರು ಗರಿಗಳು. ನನಗಂತೂ ಊರಿನ ಅಡಿಕೆ ತೋಟದಲ್ಲಿ ನಿಂತ ಹಾಗಾಗುತ್ತದೆ. 1982ರಿಂದ ಪ್ರತಿ ಸೋಮವಾರ ಸಂಜೆ 5ಕ್ಕೆ ಇಲ್ಲಿ ಶಾಂತಿಗಾಗಿ ಪ್ರಾರ್ಥನೆ. ಮೊದಮೊದಲು ಕೆಲವು ಸಲ ಬೆರಳೆಣಿಕೆಯಷ್ಟೇ ಜನ ಬರುತ್ತಿದ್ದರು. ಈ ಊರು ಆಗ ಕಮ್ಯುನಿಸ್ಟ್ ಆಡಳಿತದ ಪೂರ್ವ ಜರ್ಮನಿಯಲ್ಲಿತ್ತು. 1989ರ ಅಕ್ಟೋಬರ್ 9ರಂದು ಪ್ರಾರ್ಥನೆ ಮುಗಿದ ಮೇಲೆ ಸುಮಾರು 70,000 ಜನ ಸ್ವಾತಂತ್ರ್ಯ ಕೇಳುತ್ತಾ ರಿಂಗ್ ರಸ್ತೆಯಲ್ಲಿ ನಡೆದರು. ಪೊಲೀಸರು ಸಜ್ಜಾಗಿ ನಿಂತಿದ್ದರು, ಅದೇ ಜೂನ್‌ನಲ್ಲಿ ಬೀಜಿಂಗ್‌ನಲ್ಲಿ ಪ್ರತಿಭಟನೆಗೆ ಇಳಿದವರ ಮೇಲೆ ಸೇನೆ ಗುಂಡು ಹಾರಿಸಿದ್ದು ಎಲ್ಲರಿಗೂ ಗೊತ್ತಿತ್ತು, ಆದರೂ ನಡೆದರು. ಕೈಯಲ್ಲಿ ಮೇಣದಬತ್ತಿ. ಒಂದು ಕೈಯಲ್ಲಿ ಬತ್ತಿ, ಇನ್ನೊಂದು ಕೈ ಗಾಳಿಗೆ ಅಡ್ಡ. ಕಲ್ಲು ಎತ್ತಲು ಕೈಯೇ ಉಳಿಯುವುದಿಲ್ಲ. ಗುಂಡು ಹಾರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು.

ಇದೇ ಊರಿನ ವಿಶ್ವವಿದ್ಯಾಲಯದಲ್ಲಿ 1949ರಿಂದ ತತ್ವಶಾಸ್ತ್ರ ಕಲಿಸಿದವರು ಅರ್ನ್ಸ್ಟ್ ಬ್ಲೋಖ್. ಭರವಸೆಯ ಮೇಲೆಯೇ ಮೂರು ಸಂಪುಟ ಬರೆದವರು. 1957ರಲ್ಲಿ ಅವರನ್ನು ಬಲವಂತವಾಗಿ ನಿವೃತ್ತಿ ಮಾಡಿಸಿದರು. 1961ರಲ್ಲಿ ಗೋಡೆ ಎದ್ದಾಗ ಪಶ್ಚಿಮ ಜರ್ಮನಿಯಲ್ಲಿದ್ದರು, ವಾಪಸ್ ಬರಲಿಲ್ಲ. ಅಲ್ಲಿನ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಮೊದಲ ಉಪನ್ಯಾಸದಲ್ಲಿ ಅವರು ಎತ್ತಿದ ಪ್ರಶ್ನೆ, ಭರವಸೆ ಹುಸಿಯಾಗಬಹುದೇ ಅಂತ. ಖಂಡಿತ ಆಗಬಹುದು, ಆಗುವುದೇ ಇಲ್ಲ ಅಂತಾದರೆ ಅದು ಭರವಸೆಯೇ ಅಲ್ಲ ಅನ್ನುವುದು ಅವರ ಉತ್ತರ.

2023ರ ಚುನಾವಣೆ ಹೊತ್ತಿಗೆ ನಮ್ಮಲ್ಲಿ ಭರವಸೆ ಅನ್ನುವ ಪದವೂ ಹಿಂದೆ ಬಿದ್ದು ಗ್ಯಾರಂಟಿ ಬಂತು. ಬಸ್ ಫ್ರೀ ಆದದ್ದು ಒಳ್ಳೆಯದೇ, ನಮ್ಮಕ್ಕ ಅದರಲ್ಲೇ ಕೆಲಸಕ್ಕೆ ಹೋಗಿ ಬರುತ್ತಾಳೆ. ಅದನ್ನು ಹೀಗಳೆಯುತ್ತಿಲ್ಲ. ಆದರೆ ಗ್ಯಾರಂಟಿ ಸಿಕ್ಕಿತೋ ಇಲ್ಲವೋ ಅಂತ ಲೆಕ್ಕ ನೋಡುವುದು ಬೇರೆ, ಭರವಸೆ ಬೇರೆ.

ನಮ್ಮಜ್ಜಿಗೆ ಇದು ಗೊತ್ತಿತ್ತು. ಅಪ್ಪನಿಗೆ ಕಾಯಿಲೆ ಜೋರಾದಾಗ ಅರಿಶಿನ ನೀರಲ್ಲಿ ಬಟ್ಟೆ ಅದ್ದಿ, ಒಂದು ರೂಪಾಯಿ ಇಟ್ಟು ಮುಡಿಪು ಕಟ್ಟಿದಳು. ಬೆರಳೆಲ್ಲ ಹಳದಿ. ಮಂಜುನಾಥನ ಫೋಟೋ ಮುಂದೆ ಅದನ್ನಿಟ್ಟು, ನಡೆದುಕೊಂಡೇ ಬರುತ್ತೇನಪ್ಪಾ ಅಂದಳು. ಅಪ್ಪ ಹುಷಾರಾದ ಮೇಲೆ ಚಾರ್ಮಾಡಿ ಘಾಟಿ ಇಳಿದು ನಡೆದೇ ಹೋದಳು. ದೇವರ ಹತ್ತಿರ ಸುಮ್ನೆ ಬೇಡಿಕೊಂಡರೆ ಮುಗಿಯುವುದಿಲ್ಲ, ಹರಕೆ ಹೊರುತ್ತೇವೆ ಅಂತಲೇ ಅಲ್ವಾ ಹೇಳುವುದು? ವೋಟು ಹಾಕಿ ಬಂದ ಮೇಲೆ ನಾವು ಏನು ಹೊರುತ್ತೇವೆ? ವಾರ್ಡ್ ಸಭೆಗೆ ಹೋಗುತ್ತೇವಾ, ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳುತ್ತೇವಾ?

ಇಲ್ಲಿಯವರು ನಮಗಿಂತ ಮೇಲು ಅಂತಲ್ಲ. 1990ರ ಮಾರ್ಚ್ 18ರಂದು ಪೂರ್ವ ಜರ್ಮನಿಯ ಮೊದಲ ಮುಕ್ತ ಚುನಾವಣೆಯಲ್ಲಿ ಶೇ. 93ರಷ್ಟು ಮತದಾನವಾಯ್ತು. ಅದೇ ಬೇಸಿಗೆಯಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ ಹೆಲ್ಮುಟ್ ಕೋಲ್, ಪೂರ್ವದ ನಾಡೆಲ್ಲ ಬೇಗ ಅರಳುತ್ತದೆ ಅಂತ ಮಾತು ಕೊಟ್ಟರು. ಆಮೇಲೆ ಒಂದರ ಹಿಂದೆ ಒಂದು ಕಾರ್ಖಾನೆ ಮುಚ್ಚಿದವು. ತಾವೇ ನಡೆದು ಗೆದ್ದವರು ಇನ್ನೊಬ್ಬರ ಮಾತಿಗೆ ಕಾದು ಕೂತರು. ಆ ಸಿಟ್ಟು ಈಗಲೂ ಟ್ರಾಮಿನಲ್ಲಿ, ಸಂತೆಯಲ್ಲಿ ಕಿವಿಗೆ ಬೀಳುತ್ತದೆ.

ಹೋದ ಚಳಿಗಾಲದಲ್ಲಿ ಚರ್ಚ್‌ನಲ್ಲಿ ಪಕ್ಕ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಮಾತಿಗೆ ಸಿಕ್ಕರು. ಆ ಅಕ್ಟೋಬರ್ ಸಂಜೆ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ತಾನು ವಾಪಸ್ ಬರದಿದ್ದರೆ ಯಾರಿಗೆ ಹೇಳಬೇಕು ಅಂತ ಚೀಟಿ ಬರೆದಿಟ್ಟು ಹೊರಟಿದ್ದರಂತೆ. ಎರಡು ವರ್ಷಕ್ಕೆ ಅವರ ಗಿರಣಿ ಕೆಲಸವೂ ಹೋಯಿತಂತೆ. ಮತ್ತೆ ಇನ್ನೂ ಯಾಕೆ ಬರುತ್ತೀರಿ ಅಂತ ಕೇಳಿದೆ.

"ಇವತ್ತು ಸೋಮವಾರ ಅಲ್ವಾ," ಅಂದರು.