ಎರಡು ನಿಮಿಷಕ್ಕೊಂದು ಮದುವೆ

ಈಗಿನ ಮದುವೆ ಊಟದಲ್ಲಿ ಎಲೆಗಿಂತ ಮೊದಲು ಬಾಟಲಿ ಬಂದು ಕೂರುತ್ತದೆ. ಕಾಲು ಲೀಟರಿನ ಪುಟ್ಟ ಬಾಟಲಿ. ಅದರ ಮೇಲೆ ಹುಡುಗ ಹುಡುಗಿಯ ಫೋಟೊ ಅಂಟಿಸಿದ್ದರೆ ಸ್ವಲ್ಪ ಅನುಕೂಲಸ್ಥರ ಮದುವೆ ಅಂತ ಲೆಕ್ಕ. ಮೊದಲೆಲ್ಲ ಜಗ್ಗು ಹಿಡಿದ ಹುಡುಗನೊಬ್ಬ 'ನೀರು, ನೀರು' ಅಂತ ಪಂಕ್ತಿ ತುಂಬ ಓಡಾಡುತ್ತಿದ್ದ. ಅರ್ಧ ಲೋಟಕ್ಕೆ, ಅರ್ಧ ನಮ್ಮ ಪಂಚೆಗೆ. ಈಗ ಆ ಹುಡುಗ ಇಲ್ಲ.

ಹೋದ ತಿಂಗಳು ಕೋಲಾರದ ಕಡೆ ಒಂದು ಮದುವೆಗೆ ಹೋಗಿದ್ದೆ. ಕೈ ತೊಳೆದು ಬರುವಾಗ ನೋಡಿದರೆ, ಎಲೆ ತೆಗೆಯುವ ಹುಡುಗರು ಬಾಟಲಿಗಳನ್ನೂ ಎಲೆ ಜೊತೆಗೇ ಟಬ್ಬಿಗೆ ಎಸೆಯುತ್ತಿದ್ದರು. ಎರಡು ಗುಟುಕು ಕುಡಿದು ನೀಟಾಗಿ ಮುಚ್ಚಳ ಹಾಕಿಟ್ಟ ಬಾಟಲಿಗಳು. ಮನಸ್ಸು ತಡೆಯಲಿಲ್ಲ, ಮೂರು ಬಾಟಲಿ ಎತ್ತಿ ಹೆಂಡತಿಯ ಬ್ಯಾಗಿಗೆ ತುರುಕಿದೆ. ಅವಳು ಆ ಕಡೆ ಮುಖ ತಿರುಗಿಸಿ, ನಾನು ಯಾರೋ ಗೊತ್ತಿಲ್ಲ ಅನ್ನೋ ಹಾಗೆ ನಿಂತಳು.

ಭಾವ ನೋಡಿ ನಕ್ಕರು. ಅವರು ಟೊಮೆಟೊ ಬೆಳೆಯುವವರು. ಬೋರು 1,200 ಅಡಿ. 'ಏನಪ್ಪಾ, ನೀರು ಉಳಿಸ್ತಿದೀಯಾ? ಸಾವಿರ ಜನ ಉಂಡ್ರು ಅಂತಿಟ್ಕೋ. ಸಾವಿರ ಬಾಟ್ಲಿ ಅಂದ್ರೆ 250 ಲೀಟರು. ನಮ್ಮ ಮೋಟರು ಗಂಟೆಗೆ 8 ಸಾವಿರ ಎತ್ತತ್ತೆ. ಈ ಮದ್ವೆ ನೀರು ಅದಕ್ಕೆ ಎರಡು ನಿಮಿಷದ್ದೂ ಅಲ್ಲ.'

ಲೆಕ್ಕ ಹಾಕಿದೆ. ಸರಿಯಾಗಿಯೇ ಇತ್ತು. ಬಾಟಲಿ ಕಂಪನಿಗಳ ಮೇಲೆ ಇಷ್ಟು ವರ್ಷ ಪಟ್ಟ ಕೋಪ ಸುಮ್ನೆ ದಂಡವಾಯಿತಲ್ಲ ಅನ್ನಿಸಿತು.

ಆಗ ನೆನಪಾದದ್ದು ಪ್ಲಾಚಿಮಡ. ಕೇರಳದ ಪಾಲಕ್ಕಾಡ್ ಜಿಲ್ಲೆಯ ಊರು. 2000ದಲ್ಲಿ ಅಲ್ಲಿ ಕೋಕಾ-ಕೋಲಾ ಕಾರ್ಖಾನೆ ಶುರುವಾಯಿತು. ಸುತ್ತಲಿನ ಬಾವಿಗಳ ನೀರು ಇಳಿಯಿತು, ಉಳಿದದ್ದು ಬಾಯಿಗಿಡಲಾಗದಂತಾಯಿತು ಅಂತ ಊರಿನವರು ಗೇಟಿನ ಮುಂದೆ ಕೂತರು. ಮಯಿಲಮ್ಮ ಎಂಬ ಆದಿವಾಸಿ ಹೆಂಗಸು ಮುಂದೆ ನಿಂತಳು. ಪಂಚಾಯಿತಿ ಲೈಸೆನ್ಸ್ ಮುಂದುವರಿಸುವುದಿಲ್ಲ ಅಂದಿತು. ವಿಷಯ ಹೈಕೋರ್ಟಿಗೆ ಹೋಯಿತು. ನೆಲದಡಿಯ ನೀರು ಎಲ್ಲರದು, ಸರ್ಕಾರ ಅದನ್ನು ಕಾಯುವವನು ಮಾತ್ರ ಅಂತ 2003ರ ಡಿಸೆಂಬರಿನಲ್ಲಿ ಒಬ್ಬ ನ್ಯಾಯಮೂರ್ತಿ ಬರೆದರು. ಕಾರ್ಖಾನೆ ಎಷ್ಟು ಎತ್ತಬಹುದು? 34 ಎಕರೆ ಜಮೀನಿರುವವನು ಸಾಮಾನ್ಯವಾಗಿ ಎಷ್ಟು ಎತ್ತುತ್ತಾನೋ ಅಷ್ಟು. ಕಂಪನಿಯನ್ನು ಅಳೆಯಲು ರೈತನನ್ನೇ ಸೇರು ಮಾಡಿಕೊಂಡರು! 2005ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ದಿನಕ್ಕೆ 5 ಲಕ್ಷ ಲೀಟರ್ ತನಕ ಎತ್ತಬಹುದು ಅಂದಿತು. ಅಷ್ಟರಲ್ಲಿ, 2004ರಲ್ಲೇ, ಕಾರ್ಖಾನೆ ನಿಂತಿತ್ತು. ಮತ್ತೆ ಸರಿಯಾಗಿ ನಡೆಯಲೇ ಇಲ್ಲ.

5 ಲಕ್ಷ ಅಂದರೆ ಎಷ್ಟು ದೊಡ್ಡದು ಅನ್ನಿಸುತ್ತೆ, ಅಲ್ವಾ? ಭಾವನ ಮೋಟರು ದಿನಕ್ಕೆ 7 ಗಂಟೆ ಓಡಿದರೆ 56 ಸಾವಿರ. ಅಂಥ ಒಂಬತ್ತು ಮೋಟರು ಸಾಕು. ನಮ್ಮ ಕಡೆ ಒಂದು ಬೇಲಿಗೂ ಇನ್ನೊಂದು ಬೇಲಿಗೂ ನಡುವೆ ಒಂಬತ್ತು ಬೋರು ಸಿಗುತ್ತವೆ.

ಹಾಗಂತ ಕಂಪನಿ ಬಚಾವಾಯಿತು ಅಂತ ನಾನು ಹೇಳಲಾರೆ. ಒಂದೇ ಜಾಗದಲ್ಲಿ ಹೀರಿ, ಲಾರಿಗೆ ತುಂಬಿ, ಪಕ್ಕದ ಬಾವಿಯವಳಿಗೆ ಖಾಲಿ ಕೊಡ ಬಿಟ್ಟುಹೋಗುವುದು ಬೇರೆ. ಟೊಮೆಟೊ ಬೆಳೆಯುವುದು ಬೇರೆ. ಆದರೆ ಟೊಮೆಟೊ ಕೂಡ ಲಾರಿಯಲ್ಲೇ ಹೋಗುತ್ತದೆ. ರೇಟು ಬಿದ್ದ ವರ್ಷ ರಸ್ತೆಗೂ ಬೀಳುತ್ತದೆ. ಅದರೊಳಗಿನದೂ ಆ 1,200 ಅಡಿಯ ನೀರೇ.

ಭಾವನನ್ನೇ ಕೇಳಿದೆ, 'ನೀವು ಎಷ್ಟು ಎತ್ತಬೇಕು ಅಂತ ಯಾರು ಹೇಳ್ತಾರೆ ಭಾವ?'

'ಕರೆಂಟು' ಅಂದರು.

10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ. ತ್ರೀ ಫೇಸ್ ಬರುವುದು ಮಧ್ಯರಾತ್ರಿಯೋ ಬೆಳಗಿನ ಜಾವವೋ. ಅದಕ್ಕಾಗಿ ಕಾಯುತ್ತ ಯಾರು ಎದ್ದಿರುತ್ತಾರೆ? ಸ್ಟಾರ್ಟರಿಗೆ 'ಆಟೋ' ಹಾಕಿ ಮಲಗುತ್ತಾರೆ. ಕರೆಂಟು ಬಂದರೆ ಮೋಟರು ತಾನೇ ಶುರು, ಹೋದರೆ ತಾನೇ ಬಂದ್. ಹೊಂಡ ತುಂಬಿದೆಯಾ, ಗಿಡಕ್ಕೆ ಬೇಕಾ ಅಂತ ಆ ಪೆಟ್ಟಿಗೆ ಕೇಳುವುದಿಲ್ಲ.

ನಮ್ಮ ತಾತನ ಕಾಲದಲ್ಲಿ ಕೇಳುವವನೊಬ್ಬ ಇದ್ದ. ನೀರುಗಂಟಿ. ಕೆರೆಯ ತೂಬು ಎತ್ತುವುದೂ ಇಳಿಸುವುದೂ ಅವನದೇ ಕೆಲಸ. ಹೆಗಲ ಮೇಲೆ ಸನಿಕೆ ಹೊತ್ತು ರಾತ್ರಿಯೆಲ್ಲ ಕಾಲುವೆ ಗುಂಟ ತಿರುಗುತ್ತಿದ್ದ. ಗೌಡರ ಗದ್ದೆಗಾದರೂ ಸಾಕಾದಷ್ಟು ಹರಿದ ಮೇಲೆ ಮಣ್ಣು ಕೊಚ್ಚಿ ಮಡೆ ಕಟ್ಟುತ್ತಿದ್ದ. ಗೌಡರು ಬೈದರೆ ಬೈಸಿಕೊಳ್ಳುತ್ತಿದ್ದ. ಸುಗ್ಗಿಯಲ್ಲಿ ಕಣದ ಹತ್ತಿರ ಬಂದರೆ ಎಲ್ಲರೂ ಮೊರದಲ್ಲಿ ಅವನ ಪಾಲು ಹಾಕುತ್ತಿದ್ದರು. ಬೈದ ಗೌಡರೂ ಹಾಕುತ್ತಿದ್ದರು. ಬೋರು ಬಂದ ಮೇಲೆ ಅವನ ಜಾಗಕ್ಕೆ ಈ ಪೆಟ್ಟಿಗೆ ಬಂತು. ಕಂಪನಿಯವರಿಗೂ ಅವನಿಲ್ಲ, ಭಾವನಿಗೂ ಇಲ್ಲ, ಎರಡು ಗುಟುಕು ಕುಡಿದು ಏಳುವ ನನಗೂ ಇಲ್ಲ.

ಆ ರಾತ್ರಿ ಭಾವನ ಮನೆಯಲ್ಲೇ ಉಳಿದೆವು. ತಂದ ಮೂರು ಬಾಟಲಿಯನ್ನು ಅಕ್ಕ ತುಳಸಿ ಕಟ್ಟೆಗೆ ಸುರಿದು, ಖಾಲಿ ಬಾಟಲಿಗೆ ಎಣ್ಣೆ ತುಂಬಲು ಎತ್ತಿಟ್ಟಳು. ಒಂದೂವರೆ ಗಂಟೆ ಇರಬಹುದು, ದೂರದ ತೋಟದ ಕಡೆಯಿಂದ ಹೊಂಡಕ್ಕೆ ನೀರು ಬೀಳುವ ಸದ್ದು ಕೇಳಿಸಿತು. 'ಬಂತು' ಅಂದು ಭಾವ ಮಗ್ಗುಲಾದರು. ಹಿಂದೆಯೇ ಗೊರಕೆ.

ನನಗೆ ನಿದ್ದೆ ಹತ್ತಲಿಲ್ಲ. ಸದ್ದು ಕೇಳುತ್ತ ಮಲಗಿದ್ದೆ. ಎರಡು ನಿಮಿಷ, ಒಂದು ಮದುವೆ. ಇನ್ನೆರಡು ನಿಮಿಷ, ಇನ್ನೊಂದು. ಹದಿನೈದನೆಯ ಮದುವೆಯ ಹೊತ್ತಿಗೆ ಲೆಕ್ಕ ತಪ್ಪಿತು.