ಆ ಎರಡು ಹಕ್ಕಿಗಳನ್ನೂ ನೋಡಿ

ಯೇಸು ಹುಟ್ಟಿದಾಗ ಗೋದಲಿಯಲ್ಲಿ, ಅಂದರೆ ದನಗಳ ಮೇವಿನ ತೊಟ್ಟಿಯಲ್ಲಿ, ಮಲಗಿದ್ದು ಸರಳತೆಯ ಪಾಠ ಅಂತ ಬರೆದಿದ್ದೀರಿ. ನನಗೆ ಅಷ್ಟು ಸಾಲದು ಅನಿಸಿತು. ಬೈಬಲಿನ ಲೂಕನ ಸುವಾರ್ತೆಯ 2ನೇ ಅಧ್ಯಾಯವನ್ನು ಇನ್ನೂ ಸ್ವಲ್ಪ ಮುಂದಕ್ಕೆ ಓದಿ. ಮಗುವನ್ನು ಯೆರೂಸಲೇಮಿನ ದೇವಾಲಯಕ್ಕೆ ತಂದಾಗ ಕಾಣಿಕೆ ಏನು? ಒಂದು ಜೋಡಿ ಬೆಳವಕ್ಕಿ, ಇಲ್ಲವೇ ಎರಡು ಪಾರಿವಾಳದ ಮರಿ. ಹೆರಿಗೆಯ ನಂತರದ ಕಾಣಿಕೆಯಾಗಿ ಕುರಿಮರಿ ಕೊಡಲು ಶಕ್ತಿ ಇಲ್ಲದ ತಾಯಂದಿರಿಗೆ ಯೆಹೂದ್ಯರ ಧರ್ಮಶಾಸ್ತ್ರವಾದ ಮೋಶೆಯ ನಿಯಮ ಬಿಟ್ಟುಕೊಟ್ಟಿದ್ದ ದಾರಿ ಅದು. ಅಂದರೆ ಆ ಮನೆಯಲ್ಲಿ ನಿಜವಾಗಿಯೂ ಬಡತನ ಇತ್ತು. ದೇವರು ಬಡವರಲ್ಲೇ ಒಬ್ಬನಾಗಿ ಹುಟ್ಟಿದ ಅನ್ನುವುದೇ ನಮ್ಮ ನಂಬಿಕೆ ಅಲ್ವಾ?

ಕ್ರಿಸ್‌ಮಸ್‌ಗೆ ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾಕ್ಕೆ ಹೋದಾಗ, ಯೇಸುವಿನ ಜನನವನ್ನು ಬೊಂಬೆಗಳಲ್ಲಿ ತೋರಿಸುವ ಗೋದಲಿಯಲ್ಲಿ ನನ್ನ ಕಣ್ಣು ಮೊದಲು ಕುರುಬರ ಬೊಂಬೆಗಳನ್ನು ಹುಡುಕುತ್ತದೆ. ರಾತ್ರಿಯಿಡೀ ಹಿಂಡು ಕಾಯುತ್ತಿದ್ದ ಅವರಿಗೇ ಅಲ್ವಾ ದೇವದೂತ ಬಂದು ಮೊದಲು ಸುದ್ದಿ ಹೇಳಿದ್ದು!