ಸತ್ಯಾಂಶ: ಕಾರವಾರದಿಂದ ಒಂದೇ ದಿನದಲ್ಲಿ ಐದು ದ್ವೀಪ ನೋಡಬಹುದೇ?

"ಒಂದೇ ದೋಣಿ, ಒಂದೇ ದಿನ, ಐದು ದ್ವೀಪ, ಯಾವ ಕಾಲವಾದರೂ ಸರಿ, ಅನುಮತಿ ಬೇಡ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಪಟ್ಟಿಯಲ್ಲಿರುವುದು ಕೂರ್ಮಗಡ, ದೇವಗಡ, ಅಂಜುದೀವ್, ಬಸವರಾಜದುರ್ಗ ಮತ್ತು ನೇತ್ರಾಣಿ. ಮೊದಲ ಬಾರಿಗೆ ದ್ವೀಪ ನೋಡಲು ಹೊರಟವರು ದಯವಿಟ್ಟು ಇದನ್ನು ನಂಬಬೇಡಿ.

ಐದೂ ದ್ವೀಪಗಳಿರುವುದು ನಿಜ, ಆದರೆ ಒಂದೇ ಕಡೆ ಇಲ್ಲ. ಬಸವರಾಜದುರ್ಗವಿರುವುದು ಹೊನ್ನಾವರದ ಬಳಿ. ಕಾರವಾರದಿಂದ ಹೊನ್ನಾವರಕ್ಕೆ ರಸ್ತೆಯಲ್ಲಿ ಹೋದರೂ ಸುಮಾರು 90 ಕಿ.ಮೀ. ನೇತ್ರಾಣಿ ಇನ್ನೂ ದಕ್ಷಿಣಕ್ಕೆ, ಮುರುಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ಕಡಲೊಳಗಿದೆ. ಸ್ಕೂಬಾ ಡೈವಿಂಗ್‌ಗೆ ಹೆಸರಾದ ಆ ಜಾಗಕ್ಕೇ ಒಂದು ದಿನ ಬೇಕು. ಅಂಜುದೀವ್ ಆಡಳಿತದಲ್ಲಿ ಗೋವಾಕ್ಕೆ ಸೇರಿದ್ದು, ನೌಕಾಪಡೆಯ ವಶದಲ್ಲಿದೆ. ಅಲ್ಲಿಗೆ ಪ್ರವಾಸಿಗರು ಹೋಗುವಂತಿಲ್ಲ.

ನನಗೆ ಹೆಚ್ಚು ಕಳವಳ ತಂದದ್ದು "ಯಾವ ಕಾಲವಾದರೂ ಸರಿ" ಎಂಬ ಮಾತು. ಮುಂಗಾರಿನ ಕಡಲು ಸಣ್ಣ ದೋಣಿಗಳಿಗೆ ತಕ್ಕದ್ದಲ್ಲ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುತ್ತದೆ. ಮಳೆಗಾಲ ಮುಗಿದರೂ ಎಚ್ಚರ ತಪ್ಪಬಾರದು. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆಯ ದಿನ ದೋಣಿ ಮಗುಚಿ 16 ಜನರು ಪ್ರಾಣ ಕಳೆದುಕೊಂಡರು. ಅದರಲ್ಲಿ ಮಿತಿಮೀರಿ ಜನರಿದ್ದರು.

ಹೊಸಬರು ನವೆಂಬರ್‌ನಿಂದ ಫೆಬ್ರವರಿಯೊಳಗೆ ಬನ್ನಿ. ಒಂದು ದಿನ ಕೂರ್ಮಗಡ, ಇನ್ನೊಂದು ದಿನ ಮುರುಡೇಶ್ವರ ಎಂದಿಟ್ಟುಕೊಂಡರೆ ಧಾರಾಳವಾಯಿತು. ದೋಣಿ ಹತ್ತುವ ಮೊದಲು ಲೈಫ್ ಜಾಕೆಟ್‌ನ ಪಟ್ಟಿಗಳನ್ನು ಒಮ್ಮೆ ಬಿಗಿಯಾಗಿ ಎಳೆದು ನೋಡಿ. ಬಕಲ್ ಕಚ್ಚಿಕೊಳ್ಳದಿದ್ದರೆ ಬೇರೆ ಜಾಕೆಟ್ ಕೇಳಿ, ಕೊಡದಿದ್ದರೆ ಆ ದೋಣಿ ಹತ್ತಬೇಡಿ.